ಮುಚ್ಚದೆ ಬಿಟ್ಟ ತೂತು

ನಮ್ಮ ಮನೆಯ ಪಡುವಣ ಗೋಡೆಯಲ್ಲಿ, ನೆಲದಿಂದ ಎಂಟು ಅಡಿ ಎತ್ತರದಲ್ಲಿ, ಅರ್ಧ ಗೇಣಿನಷ್ಟು ಅಗಲದ ಚೌಕ ತೂತೊಂದಿದೆ. ಅದು ಕಲ್ಲು ಸವೆದು ಆದದ್ದಲ್ಲ, ಕಟ್ಟಿದವರೇ ಬಿಟ್ಟದ್ದು. ಗೋಡೆ ಆಳೆತ್ತರ ದಾಟಿದ ಮೇಲೆ ಸಾರುವೆ ಕಟ್ಟುವುದಕ್ಕಾಗಿ ಅಡ್ಡಗಳಗಳನ್ನು ಗೋಡೆಯೊಳಗೇ ತೂರಿಸಿ ನಿಲ್ಲಿಸುತ್ತಿದ್ದರು. ಕೆಲಸ ಮುಗಿದಾಗ ಗಳಗಳನ್ನು ಎಳೆದುಕೊಂಡು ಹೋದರು, ತೂತುಗಳು ಉಳಿದವು. ಒಂದೇ ಮಟ್ಟದಲ್ಲಿ ಇಂಥವು ಏಳು ಇದ್ದವು. ಮೂರು ಬೇಸಿಗೆಯ ಹಿಂದೆ, ಮನೆಯ ದುರಸ್ತಿ ಮುಗಿಯುತ್ತ ಬಂದ ಮಾರ್ಚ್ ತಿಂಗಳಲ್ಲಿ, ಮೇಸ್ತ್ರಿ ಏಣಿಯ ಮೇಲಿಂದ ಕೇಳಿದರು: “ಅಮ್ಮಾ, ಇದ್ನೆಲ್ಲ ಮುಚ್ಚುದಾ, ಬಿಡುದಾ?” ನಾನು ಯೋಚಿಸದೆ ಮುಚ್ಚಿ ಎಂದೆ. ಆರು ತೂತು ಮುಚ್ಚಿ ಏಳನೆಯದರ ಬಳಿಗೆ ಏಣಿ ಸರಿಸುವಷ್ಟರಲ್ಲಿ ಬುಟ್ಟಿಯಲ್ಲಿದ್ದ ಗಾರೆ ಮುಗಿದಿತ್ತು. ನಾಳೆ ಬರುತ್ತೇನೆಂದು ಇಳಿದು ಹೋದವರು ತಂಗಿಯ ಮಗಳ ಮದುವೆಯ ಓಡಾಟದಲ್ಲಿ ಮೂರು ವಾರ ಈ ಕಡೆ ಸುಳಿಯಲಿಲ್ಲ. ಮತ್ತೆ ಬಂದಾಗ ತೂತಿನೊಳಗೆ ಮಡಿವಾಳ ಹಕ್ಕಿ ಕಾವು ಕೂತಿತ್ತು.

ಮೇಸ್ತ್ರಿ ಏಣಿಯಿಂದ ಸದ್ದಿಲ್ಲದೆ ಇಳಿದರು. ಆ ದಿನದ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ, ಚಹಾ ಕುಡಿದು ಹೋದರು. ಹಳೆಯ ಕಲ್ಲುಮನೆಯನ್ನು ರಿಪೇರಿ ಮಾಡಿಸುವುದೆಂದರೆ ಬಹುಪಾಲು ಯಾವ ತೂತನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಕೆಲಸವೇ ಎಂಬುದು ನನಗೆ ನಿಧಾನವಾಗಿ ತಿಳಿಯತೊಡಗಿದ್ದು ಅಂದಿನಿಂದ.

ಮನೆ ಇರುವುದು ಕುಮಟಾ ಮತ್ತು ಹೊನ್ನಾವರದ ನಡುವೆ, ಹೆದ್ದಾರಿಯಿಂದ ಒಳಕ್ಕೆ, ಘಟ್ಟದ ಬುಡದ ಒಂದು ಊರಿನಲ್ಲಿ. ಅಮ್ಮನ ತವರು. ಮಾವಂದಿರು ಊರು ಬಿಟ್ಟ ಮೇಲೆ ಒಂಬತ್ತು ವರ್ಷ ಬೀಗ ಹಾಕಿಕೊಂಡೇ ಇತ್ತು. ಗೋಡೆಗಳೆಲ್ಲ ಚಿರೆಕಲ್ಲಿನವು, ಒಂದೂವರೆ ಅಡಿ ದಪ್ಪ. ಉಡುಪಿಯ ಕಡೆಯವರು ಇದನ್ನೇ ಮುರಕಲ್ಲು ಎನ್ನುತ್ತಾರೆ. ನೆಲದೊಳಗಿರುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು, ಕಡಿದು ಹೊರಗಿಟ್ಟ ಮೇಲೆ ಗಾಳಿ ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲಿನ ಸ್ವಭಾವವನ್ನು ನೋಡಿ ಬೆರಗಾದ ಫ್ರಾನ್ಸಿಸ್ ಬುಕಾನನ್, 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಅವನು ಹೆಸರಿಟ್ಟದ್ದು ಕೇರಳದ ಅಂಗಡಿಪುರಂನ ಕಲ್ಲನ್ನು ನೋಡಿ, ಆದರೆ ಕಲ್ಲು ಅದೇ. ಹತ್ತಿರದಿಂದ ನೋಡಿದರೆ ಅದರ ಮೈತುಂಬ ತೂತು: ಕಡಲೆ ಕಾಳು ಹಿಡಿಯುವಷ್ಟು, ಬೆರಳು ಹೋಗುವಷ್ಟು, ಕೆಲವು ಕಡೆ ಒಂದರೊಳಗೊಂದು ಸೇರಿ ಸುರಂಗವಾದವು. ಕಬ್ಬಿಣದ ಅಂಶ ಗಟ್ಟಿಯಾಗಿ ಉಳಿದು, ನಡುವಿನ ಮೆತ್ತನೆಯ ಜೇಡಿ ತೊಳೆದುಹೋದ ಜಾಗಗಳಿವು. ಮನುಷ್ಯರು ಗೋಡೆ ಕಟ್ಟುವ ಮೊದಲೇ ಆ ಕಲ್ಲಿನಲ್ಲಿ ಕೋಣೆಗಳಿದ್ದವು ಎನ್ನಬಹುದು.

ಮೊದಲಿಗೆ ನಾನು ಮಾಡಿದ ತಪ್ಪನ್ನು ಹೇಳಿಬಿಡಬೇಕು. ಈ ಮೇಸ್ತ್ರಿ ಸಿಗುವ ಮುಂಚೆ ಬೇರೊಬ್ಬ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿದ್ದೆ. ಅವರು ಎಂಟೇ ದಿನದಲ್ಲಿ ಬಚ್ಚಲುಮನೆಯ ಕಡೆಯ ಗೋಡೆಗೆ ಸಿಮೆಂಟು ಗಿಲಾಯಿ ಮಾಡಿ ಮುಗಿಸಿದರು. ನುಣ್ಣಗೆ ಕಾಣುತ್ತಿತ್ತು, ನನಗೂ ಖುಷಿಯಾಗಿತ್ತು. ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದಾಗ, ಹಸಿ ಗಿಲಾಯಿಯ ಮುಂದೆ ಒಂದೇ ಜಾಗದಲ್ಲಿ ಸಣ್ಣ ಕಪ್ಪು ಹುಳಗಳ ಗುಂಪು ತೇಲುತ್ತಿತ್ತು. ನೊಣವೆಂದುಕೊಂಡು ಹತ್ತಿರ ಹೋದೆ. ಕೆಲವು ಗೋಡೆಗೆ ಕೂತು, ಎದ್ದು, ಮತ್ತೆ ಅದೇ ಬಿಂದುವಿಗೆ ಬಂದು ಕೂರುತ್ತಿದ್ದವು. ಅವುಗಳ ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆಗಳಿದ್ದವು. ಮಿಸರಿ ಜೇನು. ದಕ್ಷಿಣ ಕನ್ನಡದವರ ಮುಜಂಟಿ. ಚುಚ್ಚಲು ಕೊಂಡಿಯಿಲ್ಲದ, ಎಳ್ಳುಕಾಳಿಗಿಂತ ಚೂರು ದೊಡ್ಡದಾದ ಈ ಹುಳಗಳು ಗೋಡೆಯ ಬಿರುಕಿನೊಳಗೆ ಎಷ್ಟು ವರ್ಷಗಳಿಂದ ಸಂಸಾರ ನಡೆಸಿದ್ದವೋ, ಅವುಗಳ ಬಾಗಿಲಿನ ಮೇಲೆ ನಾನು ದುಡ್ಡು ಕೊಟ್ಟು ಸಿಮೆಂಟು ಮೆತ್ತಿಸಿದ್ದೆ.

ಸ್ಕ್ರೂಡ್ರೈವರ್ ತಂದು, ಅವು ಸುತ್ತುತ್ತಿದ್ದ ಜಾಗವನ್ನೇ ಗುರುತು ಮಾಡಿಕೊಂಡು ಕೆರೆದೆ. ಒಂದು ದಿನದ ಸಿಮೆಂಟು, ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಅಂಗುಲದ ಆಳದಲ್ಲಿ ಕಪ್ಪು ಮೇಣ ಸಿಕ್ಕಿತು. ಅದರ ನಡುವಿನಿಂದ ಒಂದು ತಲೆ ಹೊರಗೆ ಇಣುಕಿತು, ಆಮೇಲೆ ಮೂರು ನಾಲ್ಕು ಕಾವಲು ಹುಳಗಳು ಬಂದು ನನ್ನ ಹುಬ್ಬು, ಕಿವಿ, ಕೂದಲಿಗೆ ಅಂಟಿಕೊಂಡು ಕಚ್ಚತೊಡಗಿದವು. ಕೊಂಡಿಯಿಲ್ಲವೆಂದರೆ ಸಿಟ್ಟಿಲ್ಲವೆಂದು ಅರ್ಥವಲ್ಲ. ಹಲಸು, ಮಾವಿನ ಮೇಣವನ್ನು ತಮ್ಮ ಮೈಯ ಮೇಣದೊಡನೆ ಕಲಸಿ, ಅವು ಬಾಗಿಲಿಗೆ ಪೀಪಿಯಂಥ ಒಂದು ಕೊಳವೆಯನ್ನು ಕಟ್ಟುತ್ತವೆ. ಹಳೆಯ ಕೊಳವೆ ಸಿಮೆಂಟಿನಡಿ ನುಗ್ಗಾಗಿತ್ತು. ಹತ್ತು ದಿನಗಳಲ್ಲಿ ಹೊಸದೊಂದು, ಕಿರುಬೆರಳಿನ ಅರ್ಧದಷ್ಟು ಉದ್ದದ್ದು, ಸಿಮೆಂಟಿನ ಮೇಲೆಯೇ ಎದ್ದು ನಿಂತಿತು. ದೊಡ್ಡಮ್ಮ ಅದನ್ನು ನೋಡಿ, ಮಕ್ಕಳ ಕೆಮ್ಮಿಗೆ ತನ್ನ ಕಾಲದಲ್ಲಿ ಇದರ ಹುಳಿಮಿಶ್ರಿತ ತುಪ್ಪವನ್ನೇ ನೆಕ್ಕಿಸುತ್ತಿದ್ದರೆಂದು ನೆನೆದಳು. ಜೇನುತುಪ್ಪಕ್ಕೆ ನಮ್ಮಲ್ಲಿ ಬರೀ ತುಪ್ಪವೆಂದೇ ಹೇಳುವುದುಂಟು. ಒಂದು ಗೂಡಿನಿಂದ ವರ್ಷಕ್ಕೆ ಕೆಲವು ನೂರು ಗ್ರಾಂ ಸಿಕ್ಕರೆ ಹೆಚ್ಚು. ನಾವು ಕೈ ಹಾಕಿಲ್ಲ.

ಆ ಸಿಮೆಂಟು ಗಿಲಾಯಿ ಒಂದೇ ಮಳೆಗಾಲದಲ್ಲಿ ಉಬ್ಬಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಚಿರೆಕಲ್ಲು ನೀರನ್ನು ಹೀರಿಯೇ ಹೀರುತ್ತದೆ. ಅದನ್ನು ಬೇಸಿಗೆಯಲ್ಲಿ ಹೊರಕ್ಕೆ ಬಿಡುತ್ತದೆ. ಸಿಮೆಂಟು ಒಳಗಿನ ತೇವವನ್ನು ಹೊರಕ್ಕೆ ಬಿಡದೆ ಅಲ್ಲೇ ಹಿಡಿದಿಡುವುದರಿಂದ, ಉಪ್ಪು ಬಿಳಿಯ ಹೂವಿನಂತೆ ಅರಳಿ, ಗಿಲಾಯಿ ಕಲ್ಲಿನ ಸಿಪ್ಪೆಯನ್ನೂ ಎಳೆದುಕೊಂಡು ಕಳಚುತ್ತದೆ. ಅದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಸುಣ್ಣದ ಕೆಲಸ ಬಲ್ಲ ಈಗಿನ ಮೇಸ್ತ್ರಿಯಿಂದ ಹೊಸದಾಗಿ ಮಾಡಿಸಿದೆವು. ಜೇನಿನ ಬಾಗಿಲ ಸುತ್ತ ಒಂದು ಮೊಳ ಜಾಗವನ್ನು ಮಾತ್ರ ಮುಟ್ಟಲಿಲ್ಲ, ಗೋಡೆಯ ಮೇಲೆ ಸಿಮೆಂಟಿನ ಆ ತೇಪೆ ಇಂದಿಗೂ ಇದೆ. ಸುಣ್ಣ ಚಿಪ್ಪಿನದು. ಅಘನಾಶಿನಿಯ ಅಳಿವೆಯಲ್ಲಿ ಬಳಚು ತೆಗೆಯುವ ಊರುಗಳ ಪಕ್ಕದಲ್ಲೇ ಇದ್ದುಕೊಂಡು ಸುಣ್ಣಕ್ಕೆ ದೂರ ಹೋಗುವ ಅಗತ್ಯವಿರಲಿಲ್ಲ. ಚಿಪ್ಪನ್ನು ಸುಟ್ಟು, ನೀರಿಗೆ ಹಾಕಿ ಅರಳಿಸಿ, ವಾರಗಟ್ಟಲೆ ಕೊಳೆಹಾಕಿ, ಮರಳಿನೊಡನೆ ಅರೆದು, ಬೆಲ್ಲದ ನೀರು ಸೇರಿಸಿ ಬಳಿದರೆ, ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಮತ್ತೆ ಚಿಪ್ಪಿನದೇ ಪದಾರ್ಥವಾಗುತ್ತದೆ, ಅಂದರೆ ಕಲ್ಲಾಗುತ್ತದೆ. ಆದರೆ ಅವಸರವಿಲ್ಲ. ತಿಂಗಳುಗಳೇ ಬೇಕು. ಬೆಲ್ಲದ ವಾಸನೆಗೆ ಬಂದ ಇರುವೆಗಳ ಸಾಲನ್ನು ನೋಡಿ ನನಗೆ ಗಾಬರಿಯಾಗಿತ್ತು, ಮೇಸ್ತ್ರಿ ಮಾತ್ರ “ಒಣಗಿದ್ ಮೇಲೆ ಅವೇ ಹೋಗ್ತವೆ” ಎಂದು ಕರಣೆ ತೊಳೆದಿಟ್ಟರು. ಹೋದವು.

ಕಲ್ಲುಮನೆ ಬೇಸಿಗೆಯಲ್ಲಿ ತಂಪು ಎಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಸತ್ಯ. ಮಧ್ಯಾಹ್ನ ಎರಡು ಗಂಟೆಗೆ ಅಂಗಳದಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ ಬಂದರೆ ಬಾವಿಯೊಳಗೆ ಇಳಿದಂತೆ ಹಿತವಾಗುವುದು ನಿಜ. ಆದರೆ ಹಗಲೆಲ್ಲ ನುಂಗಿದ ಬಿಸಿಯನ್ನು ಗೋಡೆ ರಾತ್ರಿ ಹೊರಗೆ ಬಿಡುತ್ತದೆ. ಕಡಲ ಕಡೆಯ ಗಾಳಿ ನಿಂತ ಮೇ ತಿಂಗಳಲ್ಲಿ ಹನ್ನೊಂದು ಗಂಟೆಗೂ ಪಡುವಣ ಗೋಡೆಗೆ ಕೈಯಿಟ್ಟರೆ ದೋಸೆ ಎತ್ತಿ ಅರ್ಧಗಂಟೆಯಾದ ಕಾವಲಿಯಂತಿರುತ್ತದೆ. ಹಿರಿಯರು ಸುಮ್ಮನೆ ಚಪ್ಪರ ಹಾಕುತ್ತಿರಲಿಲ್ಲ. ಅಡಕೆ ದಬ್ಬೆ, ಸೋಗೆಯ ಚಪ್ಪರವನ್ನು ಪಡುವಣ ಅಂಗಳಕ್ಕೂ ಹಾಕಿಸಿದ ಮೇಲೆ ಗೋಡೆಗೆ ಬಿಸಿಲು ಬೀಳುವುದು ನಿಂತು, ರಾತ್ರಿ ಒಂಬತ್ತರ ಹೊತ್ತಿಗೆ ನಿದ್ದೆ ಮಾಡುವಂತಾಯಿತು. ಚಪ್ಪರದ ಸೋಗೆಯ ನಡುವೆ ಸೂರಕ್ಕಿಯೊಂದು ಜೇಡನ ಬಲೆ, ಕಸ, ಕಂಬಳಿಹುಳದ ಹಿಕ್ಕೆ ಸೇರಿಸಿ ಜೋಳಿಗೆ ನೇತುಹಾಕಿತು. ದೂರದಿಂದ ನೋಡಿದವರಿಗೆ ಗುಡಿಸದೆ ಉಳಿದ ಕಸವೆಂದೇ ಅನ್ನಿಸಬೇಕು.

ಅದೇ ಚಪ್ಪರದ ನೆರಳಿನಂಚಿಗೆ, ಕೊಟ್ಟಿಗೆಯಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಕಲ್ಬಾನಿಯನ್ನು ಉರುಳಿಸಿ ತಂದಿಟ್ಟೆವು. ಮೊದಲ ದಿನವೇ ಅದರಲ್ಲಿ ಐದಾರು ಜೇನುಹುಳಗಳು ಮುಳುಗಿ ಸತ್ತಿದ್ದವು. ಒಳಗೆ ಒಂದು ತೆಂಗಿನ ಸಿಪ್ಪೆಯನ್ನೂ ಇಳಿಜಾರಾಗಿ ಒಂದು ಹಂಚಿನ ಚೂರನ್ನೂ ಇಟ್ಟ ಮೇಲೆ ಆ ಸಾವು ನಿಂತಿತು. ಸೊಳ್ಳೆ ಹುಟ್ಟಿ ಬೆಳೆಯದಂತೆ ನೀರನ್ನು ಎರಡು ದಿನಕ್ಕೊಮ್ಮೆ ಬಸಿದು, ಬಾಳೆಬುಡಕ್ಕೆ ಹಾಕುತ್ತೇನೆ. ಏಪ್ರಿಲ್ ಕೊನೆಗೆ ತೋಟದ ಹಳ್ಳ ಬತ್ತಿ, ಬಾವಿಯ ನೀರು ತಳದ ಎರಡು ಮೆಟ್ಟಿಲಿಗೆ ಇಳಿದಾಗ ಈ ಬಾನಿಗೆ ಬರುವವರಿಗೆ ಒಂದು ಕ್ರಮವಿರುತ್ತದೆ. ಬೆಳಿಗ್ಗೆ ಕೆಮ್ಮೀಸೆ ಪಿಕಳಾರಗಳು ಜಗಳವಾಡುತ್ತ ಬರುತ್ತವೆ. ಹತ್ತು ಗಂಟೆಗೆ ಹರಟೆಮಲ್ಲಗಳ ದಂಡು ಬಂದು ನೀರಿಗಿಂತ ಹೆಚ್ಚು ಗದ್ದಲ ಚೆಲ್ಲಿ ಹೋಗುತ್ತದೆ. ಮಧ್ಯಾಹ್ನ ಯಾರೂ ಇಲ್ಲ, ಒಂದೊಂದು ಕಣಜ ಮಾತ್ರ. ಕತ್ತಲಾಗುವ ಮುನ್ನ, ಬಣ್ಣಗಳು ಬೂದಿಯಾಗುವ ಹೊತ್ತಿಗೆ, ಕಿತ್ತಳೆ ತಲೆಯ ನೆಲಸಿಳ್ಳಾರ ಒಂಟಿಯಾಗಿ ಬಂದು, ಸುತ್ತ ನೋಡಿ, ನೋಡಿ, ಮತ್ತೂ ನೋಡಿ ಸ್ನಾನಕ್ಕಿಳಿಯುತ್ತದೆ. ಒಮ್ಮೆ ಕೇರೆಹಾವು ಬಂದು ಬಾನಿಯ ಅಂಚಿಗೆ ಗದ್ದ ಊರಿ ಎರಡು ನಿಮಿಷ ನೀರು ಕುಡಿಯಿತು. ಅಷ್ಟು ಹೊತ್ತೂ ಹಿತ್ತಿಲಿನ ಹಕ್ಕಿಗಳೆಲ್ಲ ಮರದ ಮೇಲೆ ನಿಂತು ಬೈದವು.

ಹಾವಿನ ಮಾತಿನಿಂದಲೇ ಮುಚ್ಚುವ ತೂತುಗಳ ಮಾತಿಗೆ ಬರಬೇಕು. ಎರಡನೆಯ ಬೇಸಿಗೆಯಲ್ಲಿ ಒಂದು ರಾತ್ರಿ, ಜಗಲಿಯ ಗೋಡೆಯ ಮೇಲೆ ಹಲ್ಲಿಯೊಂದು ಚೀರಿದ ಹಾಗಾಗಿ ಟಾರ್ಚ್ ಹಾಕಿದರೆ, ಕಂದು ಮೈಗೆ ಬಿಳಿ ಪಟ್ಟಿಗಳಿದ್ದ ಒಂದೂವರೆ ಅಡಿಯ ಹಾವು ಹಲ್ಲಿಯನ್ನು ನಡುಮೈಯಲ್ಲಿ ಕಚ್ಚಿಕೊಂಡು ಒರಟು ಕಲ್ಲಿನ ಮೇಲೆ ನೇತಾಡುತ್ತಿತ್ತು. ಪಕ್ಕದ ಮನೆಯ ಹುಡುಗ ಕಟ್ಟುಹಾವೆಂದು ಕೂಗಿ ದೊಣ್ಣೆ ತಂದ. ಅವನ ಹೆದರಿಕೆ ಸುಳ್ಳಲ್ಲ. ಕಟ್ಟುಹಾವು ರಾತ್ರಿ ಹೊತ್ತು ಮನೆಯೊಳಗೆ ಬರುವುದೂ, ನೆಲದ ಮೇಲೆ ಮಲಗಿದವರನ್ನು ನೋವೇ ಗೊತ್ತಾಗದಂತೆ ಕಚ್ಚುವುದೂ ಈ ಕಡೆಯಲ್ಲಿ ಕೇಳಿಬರುವ ಸಂಗತಿಗಳೇ. ಆದರೆ ಇದರ ಪಟ್ಟಿಗಳು ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆಗೆ ಮಾಸುತ್ತ ಹೋಗಿದ್ದವು. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು: ತಲೆಯ ಕಡೆ ಪಟ್ಟಿ ಮಸುಕು ಅಥವಾ ಇಲ್ಲವೇ ಇಲ್ಲ, ಬಾಲದ ಕಡೆಗೆ ಎರಡೆರಡಾಗಿ ಸ್ಪಷ್ಟ, ಬೆನ್ನಿನ ನಡುವೆ ದೊಡ್ಡ ಹುರುಪೆಗಳ ಸಾಲು. ಇದು ವಿಷವಿಲ್ಲದ ತೋಳಹಾವು, ಹಲ್ಲಿ ಹಿಡಿಯುವುದಕ್ಕೇ ಹಳೆಯ ಮನೆಗಳಿಗೆ ಬರುವುದು. ಈ ಪಾಠವನ್ನು ನಾನು ಕಲಿತದ್ದು ಚಿತ್ರಗಳನ್ನು ನೋಡಿ, ಆದ್ದರಿಂದ ಕೈ ಹಾಕಿ ಪರೀಕ್ಷಿಸುವ ಧೈರ್ಯ ಮಾಡಲಿಲ್ಲ, ಯಾರೂ ಮಾಡಬಾರದು. ಆರು ಅಡಿ ದೂರದಲ್ಲಿ ನಿಂತು ನೋಡಿದೆವು. ಅದು ಹಲ್ಲಿಯನ್ನು ನುಂಗಿ ಮುಗಿಸಿ ಜಂತಿಯ ಸಂದಿಗೆ ಸೇರಿಕೊಂಡಿತು.

ಮರುದಿನ ಮೇಸ್ತ್ರಿಯನ್ನು ಕರೆಸಿ ಒಂದು ನಿಯಮ ಮಾಡಿಕೊಂಡೆವು. ಸೊಂಟದಿಂದ ಕೆಳಗಿನ ತೂತು, ಬಿರುಕು, ಬಾಗಿಲಡಿಯ ಸಂದಿ, ಬಚ್ಚಲ ಮೋರಿಯ ಬಾಯಿ, ಎಲ್ಲವನ್ನೂ ಮುಚ್ಚುವುದು ಅಥವಾ ಜಾಲರಿ ಹಾಕುವುದು. ಎದೆಯಿಂದ ಮೇಲಿನದನ್ನು, ಗೋಡೆಗೆ ಕೇಡಿಲ್ಲದಿದ್ದರೆ, ಬಿಡುವುದು. ಮಂಚವನ್ನು ಗೋಡೆಯಿಂದ ದೂರ ಸರಿಸಿ, ಸೊಳ್ಳೆಪರದೆಯನ್ನು ಹಾಸಿಗೆಯಡಿ ಮಡಚಿಕೊಂಡು ಮಲಗುವುದು. ಹಾವಿಗೆ ಸೊಂಟದ ಲೆಕ್ಕ ಗೊತ್ತಿಲ್ಲವೆಂದು ಹುಡುಗ ನಕ್ಕ. ಒಪ್ಪಿದೆ. ಆದರೂ ನೆಲಮಟ್ಟದ ತೂತು ಇಲಿಗೆ ಬಾಗಿಲು, ಇಲಿ ಬಂದಲ್ಲಿಗೆ ನಾವು ಬೇಡವೆನ್ನುವ ಹಾವುಗಳೂ ಬರುತ್ತವೆ.

ಮೇಲಿನ ಸಣ್ಣ ತೂತುಗಳ ವಿಚಾರದಲ್ಲಿ ನಮಗಿಂತ ಹೆಚ್ಚು ಮುತುವರ್ಜಿಯಿಂದ ಮುಚ್ಚುವ ಕೆಲಸ ಮಾಡುವುದು ಕುಂಬಾರ ಹುಳ. ಬಾನಿಯ ಕೆಳಗಿನ ಕೆಸರಿನಿಂದ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಚಿಕ್ಕ ಉಂಡೆ ಮಾಡಿ ತಂದು, ಗೋಡೆಗೆ ಮೆತ್ತುವಾಗ ಗುಂಯ್ ಎಂದು ಹಾಡುತ್ತದೆ. ಹಸಿರು ಹುಳವನ್ನು ಹೊತ್ತುತಂದು ಒಳಗೆ ತುರುಕಿ ಬಾಯಿ ಮುಚ್ಚುತ್ತದೆ, ಕೆಲವು ವಾರಗಳ ಮೇಲೆ ಅಲ್ಲಿಂದ ಹೊರಬರುವುದು ಇನ್ನೊಂದು ಕಣಜ. ನಮ್ಮ ಹಳಬರು ಇದನ್ನು ಕಂಡೇ ಭ್ರಮರ-ಕೀಟ ನ್ಯಾಯವನ್ನು ಹೇಳಿದ್ದು: ಭ್ರಮರವನ್ನೇ ಧ್ಯಾನಿಸುತ್ತ ಕೀಟವೂ ಭ್ರಮರವಾಗುತ್ತದೆ ಎಂದು. ವಾಸ್ತವದಲ್ಲಿ ಕೊಂಡಿಯಿಂದ ಚುಚ್ಚಿ ಮರಗಟ್ಟಿಸಿದ ಆ ಕೀಟ, ಜೀವವಿದ್ದೂ ಅಲುಗಾಡಲಾರದೆ, ಕಣಜದ ಮರಿಗೆ ಆಹಾರವಾಗುತ್ತದೆ. ವೇದಾಂತ ಕೇಳಲು ಚೆಂದ, ಹುಳದ ಕಡೆಯಿಂದ ಯಾರೂ ಕೇಳಿರಲಿಲ್ಲ ಅಷ್ಟೆ. ಇನ್ನು ಮರದಲ್ಲಿ ತೂತು ಕೊರೆಯುವ ದೊಡ್ಡ ಕರಿದುಂಬಿಗಳೊಡನೆ ನಮ್ಮದು ಜಗಳವೇ. ಜಂತಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದಾಗ ಅವು ಹಿಂದೆ ಸರಿದು, ಹಳೆಯ ದಣಪೆಯ ಮರವನ್ನು ಹಿಡಿದವು. ಅದನ್ನು ಅವುಗಳಿಗೇ ಬಿಟ್ಟಿದ್ದೇವೆ.

ಮನೆಯ ಹಿಂದೆ ಇಳಿಜಾರಿನಲ್ಲಿ ಅಡಕೆ ತೋಟ. ಅಲ್ಲಿನ ಹಾರುವ ಓತಿಯನ್ನು ನೋಡಲೆಂದೇ ಬೆಂಗಳೂರಿನಿಂದ ಬಂದ ನೆಂಟರ ಮಕ್ಕಳು ಎರಡು ದಿನ ಕತ್ತು ನೋಯುವಷ್ಟು ಮೇಲೆ ನೋಡಿ, ಏನೂ ಕಾಣದೆ ಹೋದರು. ಅಡಕೆ ಮರದ ತೊಗಟೆಯ ಬೂದುಬಣ್ಣವೇ ಅದರದೂ. ಗಂಡು ಗದ್ದದಡಿಯ ಹಳದಿ ಚೀಲವನ್ನು ಬಿಚ್ಚಿ ಮುಚ್ಚಿ ಮಾಡುವಾಗ ಮಾತ್ರ ಯಾರೋ ಮರದ ಮೇಲಿಂದ ಕರವಸ್ತ್ರ ಬೀಸಿದಂತೆ ಕಾಣುತ್ತದೆ. ಬದುಕನ್ನೆಲ್ಲ ಮರದ ಮೇಲೆ ಇರುವೆ ತಿನ್ನುತ್ತ ಕಳೆಯುವ ಈ ಪ್ರಾಣಿಯ ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡಲು. ಕಳೆದ ವರ್ಷ ಕೃತ್ತಿಕಾ ಮಳೆಯ ಒಂದೆರಡು ಹೊಡೆತಕ್ಕೆ ಮಣ್ಣು ಸಡಿಲವಾದ ಮೇಲೆ ಅದನ್ನು ಒಮ್ಮೆ ನೋಡಿದೆ. ಮೂತಿಯನ್ನೇ ಗುದ್ದಲಿ ಮಾಡಿಕೊಂಡು ಮಣ್ಣಿಗೆ ಒತ್ತಿ ಒತ್ತಿ ಗುಂಡಿ ತೋಡಿತು. ಆಮೇಲೆ ತಿರುಗಿ ಕೂತು, ತುಂಬ ಹೊತ್ತು ಅಲುಗಾಡಲಿಲ್ಲ. ಮುಚ್ಚುವಾಗಲೂ ಅದೇ ಮೂತಿಯಿಂದ ಮಣ್ಣನ್ನು ಎಳೆದು, ತಲೆಯಿಂದ ತಟ್ಟಿ, ಮೇಲೆ ಒಣ ಎಲೆ ಬಂದು ಬಿದ್ದ ಮೇಲೆ ಹೊರಟಿತು. ಮರ ಹತ್ತುವಾಗ ಅದರ ಹಣೆಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಆ ಜಾಗಕ್ಕೆ ನಾನು ನಾಲ್ಕು ಕೋಲು ನೆಟ್ಟು, ಸೊಪ್ಪು ಕೊಯ್ಯುವವರು ತುಳಿಯದಂತೆ ಹೇಳಿದೆ. ಮರಿಗಳು ಹೊರಬಂದದ್ದನ್ನು ನೋಡಲಿಲ್ಲ, ಮಳೆಗಾಲದಲ್ಲಿ ತೋಟಕ್ಕಿಳಿದರೆ ಉಂಬಳಗಳೇ ನಮ್ಮನ್ನು ನೋಡುತ್ತವೆ.

ಎಲ್ಲರನ್ನೂ ಸಹಿಸಿಕೊಂಡಿದ್ದೇವೆಂದು ಹೇಳಿದರೆ ಸುಳ್ಳಾಗುತ್ತದೆ. ಅಟ್ಟಕ್ಕೆ ಬರುವ ಮರಬೆಕ್ಕಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಬೈನೆಹಣ್ಣು ತಿಂದು ಬೀಜವನ್ನು ರಾಶಿಯಾಗಿ ಅಟ್ಟದ ಹಲಗೆಯ ಮೇಲೆ ಹಿಕ್ಕೆ ಹಾಕುತ್ತದೆ, ರಾತ್ರಿ ಎರಡು ಗಂಟೆಗೆ ಹಂಚಿನ ಮೇಲೆ ಯಾರೋ ಬೂಟು ಹಾಕಿಕೊಂಡು ಓಡಿದಂತೆ ಸದ್ದು ಮಾಡುತ್ತದೆ, ಹಂಚು ಸರಿಸುತ್ತದೆ. ಆ ಹಂಚುಗಳು ಮೊದಲೇ ಹಳೆಯವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯ ಮನೆಗಳಿಗೆಲ್ಲ ಬಂದ ಮಾದರಿಯವು. ಒಂದು ಒಡೆದರೆ ಅದೇ ಅಳತೆಯದು ಸಿಗಬೇಕಾದರೆ ಯಾರದ್ದಾದರೂ ಹಳೆಯ ಮನೆ ಕೆಡವುವುದನ್ನು ಕಾಯಬೇಕು. ಮರಬೆಕ್ಕು ಬರುವ ಸಂದಿಗೆ ತಂತಿಜಾಲರಿ ಹೊಡೆಸಿದೆವು, ಮೂರು ಬಾರಿ. ಪ್ರತಿ ಸಲವೂ ಅದು ಬೇರೊಂದು ಕಡೆಯಿಂದ ಬಂತು. ಬೈನೆಬೀಜಗಳನ್ನು ಗುಡಿಸಿ ದರೆಯ ಮೇಲೆ ಎಸೆದಿದ್ದೆ, ಈಗ ಅಲ್ಲಿ ಮೊಣಕಾಲೆತ್ತರದ ಬೈನೆ ಸಸಿಗಳಿವೆ.

ಹಂಚಿನ ಕೆಲಸದವರು ಈ ವರ್ಷ ಬಂದದ್ದು ಮೇ ಇಪ್ಪತ್ತೆಂಟಕ್ಕೆ, ರೋಹಿಣಿ ಮಳೆ ಹಿಡಿದು ಮೂರನೆಯ ದಿನ. ಪಡುವಣ ಸೂರಿನ ಕೊನೆಯ ಎರಡು ಸಾಲು ಎತ್ತಿ ಕೂರಿಸಬೇಕಿತ್ತು. ಅದಕ್ಕೆ ಏಣಿ ಹಾಕಬೇಕಾದ ಜಾಗ ಏಳನೆಯ ತೂತಿನ ಬಲಮಗ್ಗುಲು. ಮಡಿವಾಳ ಹಕ್ಕಿಗಳು ಈ ಸಲದ ಎರಡನೆಯ ಸಂಸಾರದಲ್ಲಿದ್ದವು. ಒಳಗಿನಿಂದ ಮರಿಗಳ ಚಿರಿಚಿರಿ ಕೇಳುತ್ತಿತ್ತು. ಕೆಲಸದವರು ಮುಖ ನೋಡಿದರು. ಮತ್ತೆ ಹತ್ತು ಹನ್ನೊಂದು ದಿನ ತಡೆದರೆ ಮೃಗಶಿರಾ ಮಳೆ, ಆಗ ಹಂಚಿನ ಮೇಲೆ ಕಾಲಿಡುವಂತಿಲ್ಲ. ಉಳಿದ ಸೂರನ್ನೆಲ್ಲ ಸರಿಮಾಡಿ, ಆ ಎರಡು ಸಾಲನ್ನು ಮಳೆ ಬಿಡುವು ಕೊಟ್ಟ ದಿನ ಬಂದು ನೋಡುವುದೆಂದು ಮಾತಾಯಿತು. ರಾತ್ರಿ ಒಳಕೋಣೆಯ ಮೂಲೆಯಲ್ಲಿ ಸೋರತೊಡಗಿತು. ದೊಡ್ಡಮ್ಮ ಗೊಣಗುತ್ತ ಬಾಲ್ದಿ ತಂದಿಟ್ಟಳು. ಬೆಳಿಗ್ಗೆ ಮಳೆ ನಿಂತಾಗ, ಗಂಡು ಹಕ್ಕಿ ಚಪ್ಪರದ ಗಳದ ಮೇಲೆ ಬಾಲವೆತ್ತಿ ಕೂತು, ಬಾಯಲ್ಲಿದ್ದ ಎರೆಹುಳವನ್ನು ನೆಲಕ್ಕೆ ಬೀಳಿಸಿಕೊಂಡು, ಇಳಿದು ಮತ್ತೆ ಹೆಕ್ಕಿ, ತೂತಿನೊಳಗೆ ನುಗ್ಗಿತು. ದೊಡ್ಡಮ್ಮ ತುಂಬಿದ ಬಾಲ್ದಿಯನ್ನು ಎತ್ತಿಕೊಂಡು ಹೊರಗೆ ಬಂದು, ಎಲ್ಲಿ ಸುರಿಯಲೆಂದು ಕೇಳಿದಳು. ಬಾನಿಗೆ, ಎಂದೆ.